ಮೂರನೆಯ ಭಾಗಕ್ಕೆ ಮುಂಚಿನ ಉಸಿರು

ಇದು ಕಟ್ಟುಕಥೆಯಾಗಿದ್ದರೆ ನನ್ನನ್ನು ನಾನು ಇಷ್ಟು ಕೆಟ್ಟವನನ್ನಾಗಿ ತೋರಿಸಿಕೊಳ್ಳುತ್ತಿರಲಿಲ್ಲ. ನಡೆದದ್ದನ್ನೇ ಹೇಳುತ್ತಿದ್ದೇನೆ.

ಕಿತ್ತೂರಿನ ಹತ್ತಿರದ ಒಂದು ವಸತಿ ಶಾಲೆಯಲ್ಲಿ ನಾನು ಪಿಯಾನೋ ಕಲಿಸುತ್ತೇನೆ. ಮುರಗೋಡದ ಈರಪ್ಪ ಸೈನ್ಯದ ಬ್ಯಾಂಡಿನಲ್ಲಿ ಪಾಶ್ಚಾತ್ಯ ಕೊಳಲು ನುಡಿಸಿ ನಿವೃತ್ತನಾದವನು. ಭಾನುವಾರ ಬಸ್ಸು ಹಿಡಿದು ನನ್ನಲ್ಲಿಗೆ ಬರುತ್ತಿದ್ದ. ಕೊಳಲಿಗೂ ಪಿಯಾನೋಗೂ ಎಂದು ಮೂರು ಭಾಗಗಳ ಒಂದು ವಾದ್ಯಕೃತಿಯನ್ನು, ಸೊನಾಟಾವನ್ನು, ಅವನೇ ಬರೆದ. ಹೊಲದ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ, ನಾಲ್ಕು ವರ್ಷ. ಮೂರನೆಯ ಭಾಗ ಕೊಳಲೊಂದರಿಂದಲೇ ಶುರು. ಪಿಯಾನೋ ಆಮೇಲೆ ಸೇರಬೇಕು.

ಅದರ ಸ್ವರಲಿಪಿಯನ್ನು ನಾನು ಪುಣೆಯ ಸ್ಪರ್ಧೆಯೊಂದಕ್ಕೆ ಕಳಿಸಿದೆ. ನನ್ನ ಹೆಸರಿನಲ್ಲಿ. ಆಯ್ಕೆಯಾಯಿತು.

ವಿಷಯ ತಿಳಿದಾಗ ಈರಪ್ಪ ಜಗಳ ಮಾಡಲಿಲ್ಲ. ಕೊಳಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡುತ್ತ, "ನಿಮ್ಮ ಮುಂದ ಇನ್ನ ನಾ ಊದಂಗಿಲ್ಲರಿ ಸರ್" ಎಂದ, ಅಷ್ಟೆ. ಎರಡು ತಿಂಗಳಿಗೆ ಹೊಲದಲ್ಲಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ.

ಅವನನ್ನು ಮಣ್ಣು ಮಾಡುವಾಗ ನಾನು ಹೋಗಲಿಲ್ಲ. ಪುಣೆಯ ಕಾರ್ಯಕ್ರಮಕ್ಕೆ ತಾಲೀಮು ಮಾಡಬೇಕಿತ್ತು.

ಅಂದು ರಾತ್ರಿ ಎಂಟು ಗಂಟೆ. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ಸಂಗೀತದ ಕೋಣೆಯಲ್ಲಿ ನಾನೊಬ್ಬನೇ. ಹಳೆಯ ಕಟ್ಟಿಗೆಯ, ನುಸಿಗುಳಿಗೆಯ ವಾಸನೆ... ಎರಡನೆಯ ಭಾಗ ಮುಗಿಸಿ, ಕೊಳಲಿನ ಪಾಲನ್ನು ಮನಸ್ಸಿನಲ್ಲೇ ಎಣಿಸಲೆಂದು ಕೈ ಮೇಲೆತ್ತಿದೆ.

ಹಿಂದೆ ಯಾರೋ ಉಸಿರೆಳೆದುಕೊಂಡರು.

ಊದುವ ಮುಂಚೆ ಊದುವವರು ಎಳೆಯುವ ಉಸಿರು ಅದು... ಬಾಯಿಯ ಮೂಲೆಯಿಂದ, ಚೂಪಾಗಿ, ಹೊಟ್ಟೆಯವರೆಗೆ. ನಾಲ್ಕು ವರ್ಷ ಪಕ್ಕದಲ್ಲೇ ಕೇಳಿದ್ದೆ. ಸ್ವರಕ್ಕಾಗಿ ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ಖಾಲಿ ಕುರ್ಚಿಗಳು.

ಎರಡನೆಯ ಭಾಗವನ್ನು ಮತ್ತೆ ನುಡಿಸಿದೆ. ಅದೇ ಜಾಗ. ಅದೇ ಉಸಿರು.

ಬಾಗಿಲಲ್ಲಿ ಅಡುಗೆಯ ಶಾಂತವ್ವ ನಿಂತಿದ್ದಳು, ಊಟಕ್ಕೆ ಕರೆಯಲು ಬಂದವಳು.

"ಸರ್, ಜೋಡಿ ಯಾರದಾರ್ರಿ?" ಎಂದಳು ಮೆಲ್ಲಗೆ.

"ಯಾರೂ ಇಲ್ಲ. ಯಾಕ?"

"ಯಾರೋ ಉಸರು ಎಳದಂಗಾತರಿ... ನಿಮ್ಮ ಬೆನ್ನ ಹಿಂದನ."

ಮರುದಿನ ಮುರಗೋಡಕ್ಕೆ ಹೋದೆ. ಈರಪ್ಪನ ಹೆಂಡತಿ ಗಂಗವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಅಳಲಿಲ್ಲ. ಕುಂದರ್ರಿ ಎನ್ನಲೂ ಇಲ್ಲ.

"ಊದಂಗಿಲ್ಲ ಅಂತ ಅವರು ಹೇಳಿದ್ರಲ್ಲರಿ. ಮತ್ತ ಯಾಕ ಕಾಯ್ತೀರಿ?" ಎಂದಳು. ಆಮೇಲೆ, "ಅವರ ಹೆಸರರ ಹಾಕಸ್ರಿ" ಎಂದಳು.

ಸ್ಪರ್ಧೆಯವರಿಗೆ ನಿಜ ತಿಳಿಸಿ ಪತ್ರ ಬರೆದೆ. ಅವರು ಕೃತಿಯನ್ನೇ ಕಾರ್ಯಕ್ರಮದಿಂದ ತೆಗೆದುಹಾಕಿದರು. ನನ್ನ ಹೆಸರು ಹೋಯಿತು; ಅವನದು ಬರಲೇ ಇಲ್ಲ. ಆ ಸೊನಾಟಾವನ್ನು ಪೂರ್ತಿ ಕೇಳಿದವರು ಲೋಕದಲ್ಲಿ ನಾವಿಬ್ಬರೇ ಇದ್ದೆವು. ಈಗ ನಾನೊಬ್ಬ.

ಹಾಳೆಗಳನ್ನೆಲ್ಲ ಗಂಗವ್ವನಿಗೆ ಕೊಟ್ಟುಬಂದಿದ್ದೇನೆ. ಆದರೂ ಆ ಕೋಣೆಯಲ್ಲಿ ಏನನ್ನೇ ನುಡಿಸಿ ಕೈಯೆತ್ತಿದರೂ ಹಿಂದೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ.

ಅದನ್ನು ಹೊರಬಿಟ್ಟ ಸದ್ದನ್ನು ಮಾತ್ರ ಇಂದಿಗೂ ನಾನು ಕೇಳಿಲ್ಲ...