ಅಕ್ಕನ ಸಾಮಾನು ಕೋಣೆ

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಭಾವನ ಹೆಂಡತಿ, ನನ್ನ ಓರಗಿತ್ತಿ. ಅಗರದ ನಮ್ಮ ಮನೆಯಲ್ಲಿ ಅಣ್ಣ ತಮ್ಮ ಇಬ್ಬರ ಸಂಸಾರಕ್ಕೂ ಒಂದೇ ಒಲೆ. ನಾನು ಮದುವೆಯಾಗಿ ಬಂದಾಗಿನಿಂದ ಆ ಒಲೆ ಅವಳ ಕೈಯಲ್ಲಿತ್ತು. ನಾನು ತರಕಾರಿ ಹೆಚ್ಚಿಕೊಟ್ಟು, ಪಾತ್ರೆ ತೊಳೆದಿಟ್ಟು ಕೊಳ್ಳೇಗಾಲದ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಕಳೆದ ಮಾಗಿಯಲ್ಲಿ ಅಕ್ಕ ಎರಡೇ ವಾರದ ಕಾಯಿಲೆಯಲ್ಲಿ ತೀರಿಕೊಂಡಳು.

ಭಾವ ಹನೂರು ಕಡೆಯ ಬಸ್ಸಿನ ಡ್ರೈವರು. ಬೆಳಗ್ಗೆ ಐದಕ್ಕೆ ಮನೆ ಬಿಡಬೇಕು. ಅಕ್ಕ ಹೋದ ಮೇಲೆ ನಾನು ನಾಲ್ಕಕ್ಕೆ ಎದ್ದು ಅವರಿಗೆ ಬುತ್ತಿ ಕಟ್ಟತೊಡಗಿದೆ. ಒಂದು ತಿಂಗಳಾಗಿರಬೇಕು, ಭಾವ ಅಡುಗೆಮನೆ ಹೊಸ್ತಿಲ ಆಚೆ ಬಂದು ನಿಂತರು. ನಮ್ಮ ಮನೆಯಲ್ಲಿ ಭಾವನಾದವರು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾನು ಎದುರಿಗೇ ಇದ್ದರೂ ಮಾತು ಅವರ ಮಗಳ ಮೂಲಕವೇ ಬರಬೇಕು.

"ಮಗ, ನಿಮ್ ಚಿಕ್ಕವ್ವನ್ಗೆ ಏಳು. ನಾವು ಮುಂದ್ಲ ರೂಮಲ್ಲಿ ಬ್ಯಾರೆ ಒಲೆ ಮಾಡ್ಕೋತೀವಿ. ನಾಕ್ ಗಂಟ್ಗೆ ಎದ್ದು ಎರಡು ಸಂಸಾರಕ್ಕೆ ಬೇಯ್ಸಿ ಆಮೇಲೆ ಕೆಲ್ಸಕ್ಕೋಗೋದು ಅಂದ್ರೆ ಮನುಷ್ಯರ್ಗೆ ಆಗೋ ಮಾತಲ್ಲ."

"ಹದಿನೈದು ದಿನ ತಡೀಬೇಕಂತೆ ಅಂತ ಏಳವ್ವ ನಿಮ್ಮಪ್ಪನ್ಗೆ," ಅಂದೆ.

ಹುಡುಗಿ ಯಳಂದೂರಿನಲ್ಲಿ ಪಿಯುಸಿ ಓದುತ್ತಾಳೆ. ಇಬ್ಬರನ್ನೂ ನೋಡಿ, "ಇಬ್ರೂ ಇಲ್ಲೇ ಅವ್ರೆ. ನಾನೇನು ಪೋಸ್ಟ್‌ಮ್ಯಾನಾ?" ಅಂದಳು.

ಬೇರೆ ಒಲೆ ಎಂದರೆ ಬೇರೆ ಮನೆ. ಕಾಲೇಜಿಗೆ ಹೋಗುವ ಮೊದಲು ಆ ಹುಡುಗಿಯೇ ಒಲೆ ಹಚ್ಚಬೇಕಾಗುತ್ತದೆ. ಅದು ನನಗೆ ಬೇಡವಾಗಿತ್ತು. ಅಡುಗೆ ನನಗೆ ಕಷ್ಟವೂ ಆಗಿರಲಿಲ್ಲ. ಹೊತ್ತು ಹೋಗುತ್ತಿದ್ದುದು ಹುಡುಕುವುದರಲ್ಲಿ. ಒಲೆಯ ಹಿಂದಿನ ಸಾಮಾನು ಕೋಣೆಗೆ ಕಿಟಕಿಯಿಲ್ಲ. ಗೋಡೆಗೆ ಒಂದೇ ಕಲ್ಲಿನ ಹಲಗೆ, ಮಿಕ್ಕದ್ದೆಲ್ಲ ನೆಲದ ಮೇಲೆ. ಪೌಡರ್ ಡಬ್ಬದಲ್ಲಿ ಮೆಂತ್ಯ, ಬಿಸ್ಕೆಟ್ ಡಬ್ಬದಲ್ಲಿ ಹುಳಿಪುಡಿ, ಅದರ ಪಕ್ಕ ಅಂಥದೇ ಇನ್ನೊಂದು ಬಿಸ್ಕೆಟ್ ಡಬ್ಬದಲ್ಲಿ ಸೋಪಿನ ಪುಡಿ. ಯಾವುದು ಎಲ್ಲಿ ಎಂಬುದು ಅಕ್ಕನೊಬ್ಬಳ ತಲೆಯಲ್ಲಿತ್ತು. ಈ ಕೋಣೆ ಸರಿಯಾದರೆ ಯಾರು ಬೇಕಾದರೂ ಅಡುಗೆ ಮಾಡಬಹುದು, ಆಗ ಒಲೆ ಒಂದೇ ಉಳಿಯಬಹುದು ಎಂದುಕೊಂಡೆ.

ಹಲಗೆಗೆಂದು ದುಡ್ಡು ಹಾಕುವ ಹಾಗಿರಲಿಲ್ಲ. ಹಿಂದೆ ನಾವು ರೇಷ್ಮೆ ಹುಳ ಸಾಕುತ್ತಿದ್ದೆವು. ಹಿಪ್ಪುನೇರಳೆ ತೋಟ ಕಿತ್ತು ಅದನ್ನು ಬಿಟ್ಟ ಮೇಲೆ, ಹುಳದ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡು ಹಿತ್ತಲಲ್ಲಿ ಬಿದ್ದಿತ್ತು. ನನ್ನ ಗಂಡ ಅದನ್ನು ಕೋಣೆಯ ಎತ್ತರಕ್ಕೆ ಕೊಯ್ದರು. ಹುಳದ ಮನೆಗೆ ಹೊಡೆಯುವ ಔಷಧಿಯ ವಾಸನೆ ಇನ್ನೂ ಇತ್ತು. ಎರಡು ಸಲ ಬಿಸಿನೀರಲ್ಲಿ ಉಜ್ಜಿ, ವಾಸನೆ ಹೋಗುವ ತನಕ ಬಿಸಿಲಿಗೆ ಹಾಕಿದೆವು.

"ಇಷ್ಟು ದಿನ ಹುಳ ಸಾಕ್ತು, ಇನ್ಮೇಲೆ ನಮ್ಮನ್ನ ಸಾಕ್ಲಿ ಬುಡು," ಅಂದರು ಅವರು.

ಭಾನುವಾರ ನಾನೂ ಹುಡುಗಿಯೂ ಕೋಣೆ ಖಾಲಿ ಮಾಡಲು ಕೂತೆವು. ಹೊರಗೆ ತೆಗೆಯುವ ಮೊದಲು ಅಕ್ಕ ಇಟ್ಟಿದ್ದ ರೀತಿಯನ್ನು ಒಮ್ಮೆ ನೋಡಬೇಕೆನಿಸಿತು. ಏನೋ ಒಂದು ಲೆಕ್ಕ ಇದ್ದಿರಬೇಕಲ್ಲ. ಅಕ್ಕಿಯ ಡ್ರಮ್ಮು ಬಲಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ ಬಲಗೈ ಆಡಿಸಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಅಳೆಯುವ ಪಾವು ಎಡಗಡೆ ಮೊಳೆಯಲ್ಲಿ. ಉಪ್ಪಿನ ಜಾಡಿ ಎಡಕ್ಕೆ. ಡಬ್ಬಗಳೊಳಗಿನ ಚಮಚಗಳ ಹಿಡಿಗಳೆಲ್ಲ ಎಡಕ್ಕೇ ವಾಲಿದ್ದವು. ಸುಣ್ಣದ ಗೋಡೆಯ ಮೇಲೆ ಎಣ್ಣೆಗೈ ಊರಿದ ಕಲೆಯೊಂದಿತ್ತು. ನನ್ನ ಬಲಗೈ ಇಟ್ಟು ನೋಡಿದೆ. ಹೆಬ್ಬೆರಳು ಹೊಂದಲಿಲ್ಲ.

"ಅವ್ವ ಎಡಚಿ ಅಲ್ವ ಚಿಕ್ಕವ್ವ," ಅಂದಳು ಹುಡುಗಿ. "ನಿಮ್ಗೆ ಗೊತ್ತಿರ್ನಿಲ್ವ?"

ಗೊತ್ತಿರಲಿಲ್ಲ. ಬಡಿಸುವಾಗ, ಮುದ್ದೆ ಕಟ್ಟುವಾಗ, ಕುಂಕುಮ ಕೊಡುವಾಗ ಅಕ್ಕ ಬಲಗೈಯನ್ನೇ ಬಳಸುತ್ತಿದ್ದಳು.

"ಅಜ್ಜಿ ಬಯ್ತಿದ್ರಂತೆ, ಎಡಗೈಲಿ ಅಕ್ಕಿ ಅಳೆದ್ರೆ ಮನೆ ಏಳಿಗೆ ಆಗಲ್ಲ ಅಂತ. ಅದ್ಕೇ ಈ ಬಾಗ್ಲು ಕರ್ಟನ್ ಎಳ್ಕೊಂಡು ಅಳೀತಿದ್ಲು. ಈ ಕೋಣೇಲಾದ್ರೆ ಕೈ ಬೇಗ ಓಡ್ತದೆ ಅಂತಿದ್ಲು."

ಆ ಕರ್ಟನ್ ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಒಳಗೆ ಹೋದಾಗಲೆಲ್ಲ ಅದನ್ನು ಎಳೆಯುತ್ತಿದ್ದಳು. ಬೆಲ್ಲ, ತುಪ್ಪ ನನ್ನ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡುತ್ತಾಳೆಂದೇ ಇಷ್ಟು ವರ್ಷ ನಂಬಿದ್ದೆ. ತವರಲ್ಲಿ ಹೇಳಿಕೊಂಡಿದ್ದೆ ಕೂಡ. ಹಾಗೆ ಬಯ್ಯುತ್ತಿದ್ದ ಅತ್ತೆ ಹೋಗಿಯೇ ಎಷ್ಟೋ ವರ್ಷವಾಗಿತ್ತು. ಆದರೂ ಅವಳು ಅದನ್ನು ಎಳೆಯುವುದು ಬಿಟ್ಟಿರಲಿಲ್ಲ. ಅದು ಅಭ್ಯಾಸವೋ, ನನಗೆ ಹೆದರಿಯೋ? ಕೇಳಲು ಈಗ ಅವಳಿಲ್ಲ.

ಪಾವನ್ನು ಎಡಗೈಗೆ ತೆಗೆದುಕೊಂಡು ಅಕ್ಕಿ ಅಳೆದೆ. ಅರ್ಧ ನೆಲಕ್ಕೆ ಚೆಲ್ಲಿತು. ಹುಡುಗಿ ನಕ್ಕಳು, ಅಕ್ಕ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಇನ್ನೊಂದು ಸಲ ಅಳೆದೆ, ಮತ್ತೊಂದು ಸಲ. ಮೊಣಕೈ ಎಲ್ಲಿಯೂ ತಾಗಲಿಲ್ಲ. ಆ ಇಕ್ಕಟ್ಟಿನ ಕೋಣೆ ಅವಳಿಗೆ ಎಷ್ಟು ಸಲೀಸಾಗಿತ್ತು ಎಂದು ಆಗ ತಿಳಿಯಿತು.

ಹಾಗೇ ಬಿಡೋಣವೇ ಎಂದು ಎರಡು ದಿನ ಯೋಚಿಸಿದೆ. ಬಿಟ್ಟರೆ ಅದು ಅವಳೊಬ್ಬಳ ಕೋಣೆಯಾಗಿಯೇ ಉಳಿಯುತ್ತಿತ್ತು, ಒಲೆ ಎರಡಾಗುತ್ತಿತ್ತು. ಬದಲಿಸಿದೆ. ಗೋಡೆಗೆ ಸುಣ್ಣ ಬಳಿಯುವಾಗ ಕೈಯ ಕಲೆಯೂ ಹೋಯಿತು. ಅದಕ್ಕೆ ಮಾತ್ರ ನಾನು ಸ್ವಲ್ಪ ಹೊತ್ತು ಅತ್ತೆ. ಸ್ಟ್ಯಾಂಡನ್ನು ನಡುವೆ ನಿಲ್ಲಿಸಿ, ಹುಳದ ಮನೆಯಲ್ಲಿ ಮಾಡುತ್ತಿದ್ದಂತೆ ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟೆವು. ಕೊಳ್ಳೇಗಾಲದ ಬೇಕರಿಯವರು ಚಕ್ಕುಲಿ ತುಂಬುವ ಖಾಲಿ ಪ್ಲಾಸ್ಟಿಕ್ ಡಬ್ಬಗಳನ್ನು ಕಡಿಮೆಗೆ ಕೊಟ್ಟರು. ಹುಡುಗಿ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆದು ಮೈದಾ ಅಂಟಿನಿಂದ ಅಂಟಿಸಿದಳು. ಬೆಳಗಿನ ತಿಂಡಿಯ ಸಾಮಾನೆಲ್ಲ ಒಂದೇ ಸಾಲಿಗೆ. ಕರ್ಟನ್ ತೆಗೆದು ಒಗೆದು ಮಡಿಸಿಟ್ಟೆ. ಮತ್ತೆ ಕಟ್ಟಲಿಲ್ಲ.

ಭಾವ ಕೋಣೆಗೆ ಬಂದು ನೋಡಲಿಲ್ಲ. ಹದಿನಾಲ್ಕನೇ ದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು. ನಾನು ಒಳಗೆ ಹೋದರೆ ಭಾವ ಹೊರಗೆ ಬಂದುಬಿಡುತ್ತಾರೆ. ಅದಕ್ಕೇ ಹಾಸಿಗೆಯ ಮೇಲೇ ಕೂತಿದ್ದೆ. ಡಬ್ಬದ ಮುಚ್ಚಳಗಳ ಸದ್ದು ಕೇಳುತ್ತಿತ್ತು. ಒಂದು ತೆಗೆದು, ಮುಚ್ಚಿ, ಇನ್ನೊಂದು. ಅವರು ಹೋದ ಮೇಲೆ ನೋಡಿದರೆ ಬಾಣಲೆಯಲ್ಲಿ ಎಲ್ಲರಿಗೂ ಆಗುವಷ್ಟು ಉಪ್ಪಿಟ್ಟು. ತಳ ಹತ್ತಿತ್ತು, ಉಪ್ಪು ಒಂದು ಕೈ ಮುಂದಿತ್ತು.

"ನಿಮ್ಮಣ್ಣ ಬಸ್ ಓಡ್ಸಿದಂಗೇ ಮಾಡವ್ರೆ," ಅಂದೆ ಗಂಡನಿಗೆ. ಅವರು ಎರಡನೇ ಸಲ ಹಾಕಿಸಿಕೊಂಡರು.

ಸಂಜೆ ಭಾವ ಬಂದು ಹೊಸ್ತಿಲಾಚೆ ನಿಂತರು. ನಾನು ಸೊಪ್ಪು ಬಿಡಿಸುತ್ತಿದ್ದೆ. ಹುಡುಗಿ ಪಕ್ಕದಲ್ಲಿ ಓದುತ್ತಿದ್ದಳು.

"ಮಗ, ನಿಮ್ ಚಿಕ್ಕವ್ವನ್ಗೆ ಏಳು. ಅಕ್ಷರ ಇನ್ನೊಸಿ ದಪ್ಪಕ್ಕೆ ಬರೀಬೇಕು. ಕನ್ನಡ್ಕ ಇಲ್ದೆ ಕಾಣಾಕಿಲ್ಲ. ರವೆ ಡಬ್ಬ ಕೆಳಗ್ಲ ಸಾಲ್ಗೆ ಬರ್ಲಿ, ದಿನಾ ಎತ್ತಿ ಇಳ್ಸಾಕೆ ನಂಗಾಗಾಕಿಲ್ಲ."

ಹುಡುಗಿ ನನ್ನ ಕಡೆ ತಿರುಗಿದಳು. "ದಿನಾ ಅಂತೆ, ಚಿಕ್ಕವ್ವ," ಅಂದಳು.