ಸರ್ವರ್ ನೋಡಿಕೊಳ್ಳುತ್ತಿದ್ದವಳು

ಮದುವೆ ಗೊತ್ತಾಯಿತು, ಅದಕ್ಕೇ ಪಿಎಚ್.ಡಿ. ಬಿಟ್ಟಳು. ನಮ್ಮ ವಿಭಾಗದಲ್ಲಿ ಈಗಲೂ ಹೀಗೇ ಹೇಳುತ್ತಾರೆ. ದೆಹಲಿಯ ಕನ್ನಡದವರ ಮನೆಗಳಲ್ಲೂ ಇದೇ ಕಥೆ, ಜೊತೆಗೆ ಒಂದು "ಪಾಪ". ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಇಂಥ ವಾದ ಕೇಳಿದರೆ ಮೈ ಉರಿಯುತ್ತದೆ. ಕಾರಣ ಮೊದಲು ಬರಬೇಕು, ಪರಿಣಾಮ ಆಮೇಲೆ. ಅವಳು ಬಿಟ್ಟದ್ದು ಮಳೆಗಾಲದಲ್ಲಿ. ಗಂಡಿನ ಕಡೆಯವರು ನೋಡಲು ಬಂದದ್ದು ಚಳಿಗಾಲದಲ್ಲಿ.

ಲ್ಯಾಬಿನಲ್ಲಿ ನನ್ನ ಸೀನಿಯರ್, ತುಮಕೂರಿನವಳು. ನಾನು ಅಕ್ಕ ಎನ್ನುತ್ತಿದ್ದೆ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಳು. ನಮ್ಮಿಬ್ಬರ ಗೈಡ್ ಕೂಡ ಕನ್ನಡದವರೇ. ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಅವಳು ಸರ್ವರ್ ಕಟ್ಟಿದ್ದಳು. ಎಲ್ಲರ ಪ್ರಯೋಗಗಳೂ ಅದರ ಮೇಲೇ ಓಡಬೇಕು. ಅದು ಕೆಟ್ಟರೆ ಅವಳಿಗೇ ಕರೆ, ಮೇ ತಿಂಗಳ ಸೆಖೆಯಲ್ಲಿ ಎ.ಸಿ. ನಿಂತರೂ ಅವಳಿಗೇ ಕರೆ. ಇದು ಅವಳ ಸಂಶೋಧನೆಯೇ? ಅಲ್ಲ. ಅವಳಿಗೆ ಬರುತ್ತಿತ್ತು, ಅಷ್ಟೆ.

ಪ್ರಬಂಧ ಬರೆದು ಮುಗಿಸಿದ್ದಳು. ಸಲ್ಲಿಸುವ ಮೊದಲು ವಿಭಾಗದೆದುರು ಒಂದು ಸೆಮಿನಾರ್ ಕೊಡಬೇಕು; ಅದಕ್ಕೆ ಗೈಡ್ ಹೂಂ ಅನ್ನಬೇಕು. ಜುಲೈಯೊಳಗೆ ಸಲ್ಲಿಸಿದರೆ ನೋಯಿಡಾದ ಒಂದು ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಕಾದಿತ್ತು.

"ಇನ್ನೊಂದು ಪೇಪರ್ ಆಗ್ಲಮ್ಮ," ಎಂದರು ಗೈಡ್. ಅದೂ ಆಯಿತು. "ನಿನ್ನ ಜಾಗಕ್ಕೆ ಒಬ್ಬರನ್ನ ತಯಾರು ಮಾಡಿ ಹೋಗು."

ತನ್ನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿ ಹೋಗುವುದು ಜೀತದ ಪದ್ಧತಿ, ವಿಶ್ವವಿದ್ಯಾಲಯದ್ದಲ್ಲ. ಆ ಇನ್ನೊಬ್ಬ ನಾನು. ಸಂದರ್ಶನದಲ್ಲಿ ನನ್ನ ಸಂಶೋಧನೆಯ ವಿಷಯ ಕೇಳಿದ್ದು ಹೆಸರಿಗೆ. ಸರ್ವರಿಗೆ ಲಿನಕ್ಸ್ ಹಾಕಲು ಬರುತ್ತದೆಯೇ ಎಂದು ಮಾತ್ರ ಮತ್ತೆ ಮತ್ತೆ ಕೇಳಿದ್ದರು. ಬರುತ್ತದೆ ಎಂದೆ. ಸೀಟು ಸಿಕ್ಕಿತು.

"ನೀನು ಪಿಎಚ್.ಡಿ.ಗೆ ಬಂದಿದ್ದೀಯೋ, ನನಗೆ ಜಾಮೀನು ಕೊಡೋಕೆ ಬಂದಿದ್ದೀಯೋ?" ಎಂದು ಅಕ್ಕ ನಕ್ಕಳು.

"ಚಲೋ, ಬೇಗ ಕಲಿಸು ಅಕ್ಕ. ಬಿಡಿಸ್ತೀನಿ."

ಕಲಿತೆ. ಜೂನ್ ಕೊನೆಗೆ ಅವಳು ಮುಟ್ಟದೆಯೂ ಸರ್ವರ್ ಓಡತೊಡಗಿತು. ಇಬ್ಬರೂ ಗೈಡ್ ಕೋಣೆಗೆ ಹೋಗಿ ಹೇಳಿದೆವು.

"ಅಚ್ಛಾ! ಇಬ್ಬರಿದ್ರೆ ಇನ್ನೂ ಒಳ್ಳೇದಲ್ವಾ," ಎಂದರು. "ಹೊಸ ಮಷೀನ್ ಬರ್ತಿವೆ. ದೀಪಾವಳಿ ಕಳೀಲಿ, ಸೆಮಿನಾರ್ ಇಟ್ಕೊಳ್ಳೋಣ. ನೀನು ನನ್ನ ಮಗಳ ಥರ, ಕೈಬಿಡ್ತೀನಾ?"

"ಜುಲೈ ದಾಟಿದ್ರೆ ಆ ಕೆಲಸ ಹೋಗುತ್ತೆ ಸರ್."

"ಎಲ್ಲಿ ಹೋಗುತ್ತಮ್ಮ? ಭಾನುವಾರ ಮನೆಗೆ ಬಾ, ಆಂಟಿ ಬಿಸಿಬೇಳೆಬಾತ್ ಮಾಡ್ತಾರೆ."

ಕೆಲಸ ಹೋಯಿತು. ಆಗಸ್ಟಿನಲ್ಲಿ ಅಕ್ಕ ಲ್ಯಾಬಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ಸಾಕು ಕಣೋ," ಎಂದಳು. ಮರುದಿನದಿಂದ ಬರಲಿಲ್ಲ.

ಮರುವರ್ಷ ಹೊಸಬರ ಸಂದರ್ಶನ. ನಾನು ಪ್ರೊಜೆಕ್ಟರ್ ಜೋಡಿಸುತ್ತಿದ್ದೆ. ಚಹಾ ಕುಡಿಯುತ್ತ ಗೈಡ್ ಉಳಿದ ಪ್ರೊಫೆಸರುಗಳಿಗೆ ಹೇಳುತ್ತಿದ್ದರು: ಹುಡುಗಿಯರನ್ನು ತೆಗೆದುಕೊಂಡರೆ ಇದೇ ಕಷ್ಟ, ಮದುವೆ ಅಂತ ನಡುವೆ ಬಿಟ್ಟು ಹೋಗುತ್ತಾರೆ, ನನ್ನ ಲ್ಯಾಬಿನಲ್ಲೇ ಒಬ್ಬಳು ಹೋದಳು. ಹೊರಗೆ ಬೆಂಚಿನ ಮೇಲೆ ಹುಡುಗಿಯರು ತಮ್ಮ ಸರದಿಗೆ ಕಾಯುತ್ತಿದ್ದರು.

ತಂತಿ ಕೆಳಗಿಟ್ಟು ಎದ್ದೆ. ಅಲ್ಲಿದ್ದವರಿಗೆಲ್ಲ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಕೇಳಿದೆ: ಸರ್, ಅವರ ಪ್ರಬಂಧದಲ್ಲಿ ಯಾವ ಕೊರತೆ ಕಂಡು ನೀವು ಸೆಮಿನಾರ್ ತಡೆದಿರಿ?