ಉಪ್ಪುನೀರಿನ ಕೋಲು

ಗಾಳದ ಕೋಲು ಕೊಳ್ಳುವುದು ಸೀರೆ ಕೊಳ್ಳುವುದಕ್ಕಿಂತ ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಸೀರೆಯಾದರೆ ಬಣ್ಣ ಹಿಡಿಸಲಿಲ್ಲ, ಸೆರಗು ಸಾದಾ ಆಯಿತು ಎಂದು ಏನಾದರೂ ಹೇಳಿ ಎದ್ದು ಬರಬಹುದು. ಕೋಲಿನಲ್ಲಿ ಏನು ಕೊರತೆ ಎನ್ನುವುದು ನಮ್ಮ ಯಜಮಾನರಿಗೆ ಮಾತ್ರ ಗೊತ್ತಾಗುತ್ತಿತ್ತು. ಅವರೋ, 'ಇದಲ್ಲ ಕಣೇ' ಎನ್ನುವುದು ಬಿಟ್ಟರೆ ಬೇರೆ ಬಾಯಿ ಬಿಡುತ್ತಿರಲಿಲ್ಲ.

ಅವರು ಚಿಕ್ಕಬಾಣಾವರದ ಒಕ್ಕಲು ಮನೆತನದವರು. ಹೊಲಗಳೆಲ್ಲ ಸೈಟುಗಳಾಗಿ, ನಾವು ವಿದ್ಯಾರಣ್ಯಪುರಕ್ಕೆ ಬಂದು ಮನೆ ಕಟ್ಟಿದ ಮೇಲೂ ಭಾನುವಾರ ಬಂತೆಂದರೆ ಗಾಳ ಹಿಡಿದು ಯಾವುದಾದರೂ ಕೆರೆ ಏರಿಯ ಮೇಲೆ ಕೂರುತ್ತಿದ್ದರು. ಸಿಕ್ಕರೆ ಜಿಲೇಬಿ ಮೀನು, ಸಿಗದಿದ್ದರೆ ಬರುವಾಗ ಕಟ್ಟು ಸೊಪ್ಪು. ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಮಾತು ಬೇಗ ಸರಿಹೋಯಿತು, ಕಾಲೂ ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತು. ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದು ಒಂದು ಸ್ಪಂಜಿನ ಚೆಂಡು ಕೊಟ್ಟು, ದಿನಾ ಸಂಜೆ ಅದನ್ನು ಹಿಸುಕಿಸಿ ಎಂದಳು. ಜೊತೆಗೆ ಒಂದು ಮಾತು ಸೇರಿಸಿದಳು: "ಆಂಟಿ, ಅಂಕಲ್‌ಗೆ ಏನಿಷ್ಟಾನೋ ಅದನ್ನೇ ಮಾಡಿಸಿ. ಕೈ ಬೇಗ ಬರುತ್ತೆ."

ಆ ಮಾತು ನನ್ನ ತಲೆಯಲ್ಲಿ ಗೂಡು ಕಟ್ಟಿತು. ಇವರು ಮತ್ತೆ ಗಾಳ ಎಸೆದ ದಿನ ಈ ಕಾಯಿಲೆ ಮುಗಿಯಿತು ಎಂದು ನಾನೇ ತೀರ್ಮಾನ ಮಾಡಿಕೊಂಡುಬಿಟ್ಟೆ. ಬೆಳಿಗ್ಗೆ ಸ್ನಾನ ಮಾಡಿಸುವಾಗ, ಶರ್ಟಿನ ಗುಂಡಿ ಹಾಕುವಾಗ, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಡುವಾಗ, ಇದೆಲ್ಲ ಅಲ್ಲಿಯವರೆಗೆ ಮಾತ್ರ ಎಂದುಕೊಳ್ಳುತ್ತಿದ್ದೆ. ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿತ್ತು, ನಿದ್ದೆ ಮಾಡಿದರೂ ಹೋಗದಂಥ ಸುಸ್ತು.

ಅದೇ ಸಮಯಕ್ಕೆ ಹೊನ್ನಾವರದಿಂದ ಅವರ ಹಳೆಯ ಸ್ನೇಹಿತರ ಫೋನು ಬಂತು. ಇಬ್ಬರೂ ಒಂದೇ ಆಫೀಸಿನಲ್ಲಿದ್ದವರು. ನಿವೃತ್ತಿಯಾದ ಮೇಲೆ ಆ ಸ್ನೇಹಿತರು ಊರಿಗೆ ಹೋಗಿ ಒಂದು ಸಣ್ಣ ಯಂತ್ರದ ದೋಣಿ ಇಟ್ಟುಕೊಂಡಿದ್ದರು. "ಮಳೆಗಾಲ ಮುಗೀಲಿ, ಕರ್ಕೊಂಡು ಬನ್ನಿ ಮಾರಾಯ್ರೇ. ದೂರ ಹೋಗೂದಿಲ್ಲ. ದಡ ಕಾಣೂವಷ್ಟರಲ್ಲೇ ದೋಣಿ ನಿಲ್ಲಿಸ್ತೆ, ಕೂತಲ್ಲಿಂದಲೇ ಎಸೀಲಿ," ಎಂದರು. ಕೆರೆಯಲ್ಲೇ ಬೆಳೆದ ನಮ್ಮವರಿಗೆ ಸಮುದ್ರದಲ್ಲಿ ಗಾಳ ಹಾಕುವುದು ಬಹಳ ದಿನದ ಆಸೆ. ಮುಖ ಅರಳಿತು. ಆ ಮುಖ ನೋಡಿ ನಾನು ಸಮುದ್ರಕ್ಕೆ ತಕ್ಕ ಕೋಲು ಕೊಡಿಸಲು ಸೊಂಟ ಕಟ್ಟಿ ನಿಂತೆ.

ಮೊದಲನೆಯದು ನನ್ನದೇ ಎಡವಟ್ಟು. ಅವರಿಗೆ ಹೇಳದೆ ಆನ್‌ಲೈನಿನಲ್ಲಿ ಇದ್ದುದರಲ್ಲೇ ಉದ್ದದ ಕೋಲು ತರಿಸಿದೆ. ಏರಿಯ ಮೇಲಿಂದ ಮೀನು ಹಿಡಿಯುವವರ ಮನೆಯಲ್ಲಿ ಉದ್ದವೇ ದೊಡ್ಡತನ. ದಡದಂಚಿಗೆ ಬೆಳೆದ ಜೊಂಡು, ಆಪಿನ ಹುಲ್ಲು ದಾಟಿ ಗಾಳ ಬೀಳಬೇಕಲ್ಲ. ಕೆರೆಗೇ ಅಷ್ಟುದ್ದ ಬೇಕಾದರೆ ಸಮುದ್ರಕ್ಕೆ ಇನ್ನೆಷ್ಟು ಬೇಕೋ ಎಂಬುದು ನನ್ನ ಲೆಕ್ಕ. ಬಿಚ್ಚಿ ಜೋಡಿಸಿದರೆ ಅದು ಹಾಲಿನಿಂದ ಅಡುಗೆಮನೆಯವರೆಗೆ ಬಂತು, ಫ್ಯಾನಿಗೂ ತಾಗಿತು. ನಮ್ಮವರು ಲಕ್ವ ಹೊಡೆದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೇ, ದೋಣಿನೇ ಮೀನಿರೋ ಕಡೆ ಹೋಗುತ್ತಲ್ಲೇ. ಕೋಲು ಯಾಕೆ ಹೋಗ್ಬೇಕು? ಇದನ್ನ ದೋಣೀಲಿ ಬೀಸಿದ್ರೆ ಜೊತೇಲಿರೋನ ಕಿವಿ ಕಿತ್ಕೊಂಡ್ ಬರುತ್ತೆ ಅಷ್ಟೇ."

"ನಗ್ರಿ, ನಗ್ರಿ. ಹಾಗಾದ್ರೆ ನೀವೇ ಬಂದು ಆರಿಸ್ರಿ," ಎಂದೆ. ಸಿಟ್ಟು ಬಂದಿತ್ತು, ಆ ನಗು ಕೇಳಿ ಒಳಗೊಳಗೇ ಖುಷಿಯೂ ಆಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಅಲೆದಾಟ. ಗಾಳದ ಸಾಮಾನು ಮಾರುವ ಅಂಗಡಿಗಳು ಎಲ್ಲಿರುತ್ತವೆಂದು ಅಲ್ಲಿಯವರೆಗೆ ನಾನು ಯೋಚಿಸಿಯೂ ಇರಲಿಲ್ಲ. ಆರ್.ಟಿ. ನಗರದ ಒಂದು ಗಲ್ಲಿಯಲ್ಲಿ, ಯಶವಂತಪುರದ ಮಾರ್ಕೆಟ್ಟಿನ ಹಿಂದೆ, ಯಲಹಂಕದಲ್ಲಿ ಅಕ್ವೇರಿಯಂ ಅಂಗಡಿಯ ಮಹಡಿಯ ಮೇಲೆ. ಆಟೋದವನು ಬರುತ್ತೇನೆಂದು ಒಪ್ಪಿ ಕ್ಯಾನ್ಸಲ್ ಮಾಡುವುದು, ಇನ್ನೊಬ್ಬ ಬಂದರೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಸಿಕ್ಕಿಹಾಕಿಕೊಳ್ಳುವುದು. ಅಂಗಡಿಗಳಿಗೆಲ್ಲ ಮೆಟ್ಟಿಲು ಬೇರೆ. ಇವರ ಎಡ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿ ಮೇಲೆ ಹೋದರೆ, ಅಂಗಡಿಯವನು ಇವರನ್ನು ಬಿಟ್ಟು ನನ್ನ ಮುಖ ನೋಡಿ ಕೇಳುತ್ತಿದ್ದ: "ಮೇಡಂ, ಸಾರ್‌ಗೆ ಕೈ ಆಗುತ್ತಾ?"

"ಅವರ ಕಿವಿ ಚೆನ್ನಾಗೇ ಇದೆ, ಅವರನ್ನೇ ಕೇಳಪ್ಪ," ಎಂದು ನಾನು ಎಗರಿಬೀಳುತ್ತಿದ್ದೆ. ಇವರು ಮಾತ್ರ ತಣ್ಣಗೆ, "ಅದಿರ್ಲಿ ಗುರು, ಆ ಮೂಲೇದು ತೆಗಿ," ಎನ್ನುತ್ತಿದ್ದರು.

ಆರಿಸಲು ಅವರದೇ ಒಂದು ಕ್ರಮವಿತ್ತು. ಮೊದಲು ದಾರ ಹಾಯುವ ಉಂಗುರಗಳನ್ನು ಎಡಗೈ ಹೆಬ್ಬೆರಳಿನಿಂದ ಸವರುವರು. ಉಪ್ಪುನೀರು ಕಬ್ಬಿಣವನ್ನು ತಿಂದುಹಾಕುತ್ತದಂತೆ, ಉಂಗುರ ತುಕ್ಕು ಹಿಡಿದರೆ ದಾರ ಸವೆದು ತುಂಡಾಗುತ್ತದಂತೆ. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ತಾವು ತುದಿ ಹಿಡಿದು ಎಳೆಯುವರು. "ತುದಿ ಬಾಗ್ಬೇಕು, ಸೊಂಟ ಬಾಗ್ಬಾರ್ದು," ಎನ್ನುವರು. ಕೊನೆಗೆ ನನ್ನನ್ನು ಅಲ್ಲೇ ನಿಲ್ಲಿಸಿ ಎಸೆಯುವ ಹಾಗೆ ಕೈ ಬೀಸಿಸುವರು. ಅಂಗಡಿಗೆ ಬಂದ ಗಂಡಸರೆಲ್ಲ, ಸೀರೆ ಉಟ್ಟ ಹೆಂಗಸು ಗಾಳಿಯಲ್ಲಿ ಕೋಲು ಬೀಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇವರ ಕಣ್ಣು ನನ್ನ ಮೊಣಕೈ ಮೇಲೆ, ಕೋಲಿನ ಬುಡ ಅದಕ್ಕೆ ತಾಗುತ್ತದೋ ಇಲ್ಲವೋ ಎಂಬುದರ ಮೇಲೆ. ಪಾಪ, ಅವರ ಕೈಯಲ್ಲಿ ಬೀಸಲಾಗುವುದಿಲ್ಲ, ನನ್ನ ಕೈಯಲ್ಲಿ ನೋಡಿ ಅಂದಾಜು ಮಾಡುತ್ತಿದ್ದಾರೆ ಎಂದುಕೊಂಡೆ. ನೋಡಿ ಮುಗಿದ ಮೇಲೆ, "ಇದಲ್ಲ ಕಣೇ. ನಡಿ."

ಹಿಡಿಯ ವಿಷಯಕ್ಕಂತೂ ದೊಡ್ಡ ಜಗಳವೇ ಆಯಿತು. ಶಕ್ತಿಯಿಲ್ಲದ ಕೈಗೆ ದಪ್ಪ ಹಿಡಿ ಒಳ್ಳೆಯದು, ಚಮಚಕ್ಕೂ ಬಟ್ಟೆ ಸುತ್ತಿ ದಪ್ಪ ಮಾಡಿ ಎಂದು ಫಿಸಿಯೋ ಹುಡುಗಿ ಹೇಳಿದ್ದಳು. ನಾನು ದಪ್ಪ ಹಿಡಿಯ ಕೋಲನ್ನೇ ಹುಡುಕಿ ತೆಗೆಸಿದರೆ ಇವರು ಮುಟ್ಟಿಯೂ ನೋಡುತ್ತಿರಲಿಲ್ಲ.

"ಸಣ್ಣ ಹಿಡಿ ಬೇಕು. ಹಗುರ ಇರ್ಬೇಕು. ಇಡೀ ದಿನ ದೋಣೀಲಿ ಬೀಸ್ಬೇಕು."

"ನಿಮ್ಮ ಕೈಗೆ ಸಣ್ಣದು ನಿಲ್ಲುತ್ತೇನ್ರೀ? ಯಾರಿಗೋಸ್ಕರ ಈ ಹಠ?"

"ನಿನಗೆ ಅರ್ಥ ಆಗಲ್ಲ ಬಿಡು."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಪಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎನ್ನಿಸಿತು. ಆದರೂ ಕೊನೆಗೆ ಯಶವಂತಪುರದಲ್ಲಿ ಅವರು ಹೇಳಿದ್ದನ್ನೇ ತೆಗೆದುಕೊಂಡೆ. ನನ್ನ ತಲೆಯ ಮೇಲೆ ಒಂದು ಮೊಳ ಮಾತ್ರ ಎತ್ತರ ನಿಲ್ಲುವ, ಎರಡು ತುಂಡು ಮಾಡಿ ರೈಲಿನಲ್ಲಿ ಒಯ್ಯಬಹುದಾದ, ಹಗುರವಾದ, ಸಣ್ಣ ಹಿಡಿಯ ಕೋಲು. ಒಪ್ಪಿಗೆಯಾಗಿ ತೆಗೆದುಕೊಂಡೆ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವ ತ್ರಾಣ ನನ್ನಲ್ಲಿರಲಿಲ್ಲ.

ಆಮೇಲೆ ಸಂಜೆಗಳು ತಾರಸಿಯ ಮೇಲೆ. ಮೊದಲು ಕಾಫಿ, ಆಮೇಲೆ ಸ್ಪಂಜಿನ ಚೆಂಡು. ನಾನು ಅವರ ಬೆರಳುಗಳನ್ನು ಚೆಂಡಿನ ಸುತ್ತ ಮಡಿಸಿ, "ಹಿಸುಕಿ, ಹೂಂ, ಇನ್ನೊಂಚೂರು," ಎನ್ನುವುದು; ಅವರು ಆಕಾಶ ನೋಡಿಕೊಂಡು ಕೂರುವುದು. ಚೆಂಡು ಮುಗಿದ ಮೇಲೆ ಕೋಲು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿಕೊಡುವರು, ನಾನು ದಾರಕ್ಕೆ ಸೀಸದ ಗುಂಡು ಕಟ್ಟಿ ಆಚೆ ಕೊನೆಯಲ್ಲಿಟ್ಟ ಬಕೆಟ್ಟಿಗೆ ಎಸೆಯುವುದು. ಹೊಸ ಕೋಲಿನ ಗುಣ ತಿಳಿಯಲು ಇದೆಲ್ಲ ಬೇಕು ಎಂದಿದ್ದರು. ಒಂದು ಸಲ ಗುಂಡು ಹೋಗಿ ಪಕ್ಕದ ಮನೆಯವರ ಸಂಡಿಗೆಯ ಮೇಲೆ ಬಿತ್ತು. "ಮೊಣಕೈ ಒಳಗೆ ಕಣೇ, ಒಳಗೆ! ಕಲ್ಲು ಹೊಡೆಯೋ ಹಾಗೆ ಎಸೀಬೇಡ." ಬೈಸಿಕೊಂಡು ಬೈಸಿಕೊಂಡು ಬಕೆಟ್ಟಿನ ಹತ್ತಿರಕ್ಕೆ ಬಂದೆ. "ನೀವೂ ಎಡಗೈ ಸೇರಿಸಿ ಒಂದ್ಸಲ ನೋಡ್ರಿ," ಎಂದರೆ, "ಸಮುದ್ರದಲ್ಲೇ ನೋಡೋಣ," ಎಂದು ಎದ್ದುಬಿಡುತ್ತಿದ್ದರು. ಅದನ್ನೇ ಹಿಡಿದುಕೊಂಡು ಮಾಕಳಿಯಲ್ಲಿರುವ ನಮ್ಮಕ್ಕನಿಗೆ ಫೋನು ಮಾಡಿ, "ಸಮುದ್ರದಲ್ಲಿ ಎಸೀತಾರಂತೆ ಕಣಕ್ಕಾ," ಎಂದು ಹೇಳಿಕೊಂಡೆ.

ಹೊರಡುವ ದಿನ ಹೊಸ ಗಾಡಿಗೆ ಮಾಡುವ ಹಾಗೆ ಕೋಲಿಗೂ ಅರಿಶಿನ ಕುಂಕುಮ ಇಟ್ಟೆ. ಉಂಗುರಕ್ಕೆ ಇಡಲು ಹೋದಾಗ, "ಅಲ್ಲಿ ಬೇಡ, ದಾರ ಹಾಳಾಗುತ್ತೆ," ಎಂದು ಕೂಗಿದರು. ಹಿಡಿಗೆ ಹಚ್ಚಿ ಕೈಮುಗಿದೆ. ಏನು ಬೇಡಿಕೊಂಡೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೊನ್ನಾವರದಲ್ಲಿ ಬೆಳಿಗ್ಗೆ ದೋಣಿ ಹತ್ತಿದೆವು. ಸ್ನೇಹಿತರು ಇವರಿಗೂ ನನಗೂ ತೇಲುವ ಜಾಕೆಟ್ಟು ತೊಡಿಸಿದರು. ಶರಾವತಿ ಸಮುದ್ರಕ್ಕೆ ಸೇರುವ ಬಾಯಿ ದಾಟಿ ಬಂಡೆಗಳಿದ್ದ ಕಡೆ ಯಂತ್ರ ನಿಲ್ಲಿಸಿದರು. ದಡದ ತೆಂಗಿನ ಮರಗಳು ಕಾಣುತ್ತಿದ್ದವು. ನಾನು ಕೋಲು ಜೋಡಿಸಿ, ದಾರ ಪೋಣಿಸಿ, ಮೀನಿಗೆ ಆಮಿಷವಾಗಿ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಮೀನು ಕಟ್ಟಿ, ಅವರ ಬಲಗೈಯನ್ನು ಎತ್ತಿ ಹಿಡಿಯ ಮೇಲಿಟ್ಟು, ಮೇಲೆ ಎಡಗೈ ಇಡಿಸಿದೆ.

ಅವರು ಸ್ವಲ್ಪ ಹೊತ್ತು ನೀರು ನೋಡಿದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕೋಲನ್ನು ನನ್ನ ಕಡೆ ಚಾಚಿದರು.

"ಎಸಿ."

"ನೀವು?"

"ಈ ಕೈ ಇನ್ ಬರಲ್ಲ ಕಣೇ. ನಂಗೊತ್ತು."

"ಯಾವಾಗಿಂದ?"

"ಅಂಗಡಿ ಸುತ್ತೋಕೆ ಶುರು ಮಾಡೋಕ್ ಮುಂಚಿಂದ. ನಿಂಗೆ ಹೇಳೋಕಾಗ್ಲಿಲ್ಲ."

"ಮತ್ತೆ ಅಷ್ಟೊಂದು ಅಂಗಡಿ ಯಾಕ್ರೀ ಸುತ್ತಿಸಿದ್ರಿ ನನ್ನ?"

"ಕೋಲು ನಿನ್ನ ಕೈಗೆ ಕೂತ್ಕೋಬೇಕಿತ್ತಲ್ಲ," ಎಂದರು.

ಸಣ್ಣ ಹಿಡಿ, ಹಗುರ, ನನ್ನ ಮೊಣಕೈ ಅಳತೆ, ತಾರಸಿ, ಬಕೆಟ್ಟು ಎಲ್ಲ ಒಟ್ಟಿಗೆ ತಲೆಗೆ ಬಂತು. ಕಥೆಗಳಲ್ಲಾದರೆ ಇಂಥ ಕಡೆ ಹೆಂಡತಿ ಕರಗಿಹೋಗುತ್ತಾಳೆ. ನನಗೆ ಬಂದದ್ದು ಕೋಪ. "ಸ್ನಾನ ನಾನೇ ಮಾಡಿಸ್ಬೇಕು, ಗುಂಡಿ ನಾನೇ ಹಾಕ್ಬೇಕು, ತುತ್ತು ನಾನೇ ಇಡ್ಬೇಕು. ಈಗ ಗಾಳನೂ ನಾನೇನಾ? ನಂಗೆ ಸಾಕಾಗಿದೆ ರೀ. ಸಾಕಾಗಿಹೋಗಿದೆ!" ಎಂದು ಸ್ನೇಹಿತರ ಎದುರೇ ಕಿರುಚಿದೆ. ಆ ಮಾತನ್ನು ಅಷ್ಟು ದಿನದಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಆಡಿರಲಿಲ್ಲ. ಸ್ನೇಹಿತರು ಯಂತ್ರದ ಕಡೆ ತಿರುಗಿ ಏನೋ ರಿಪೇರಿ ಮಾಡುವವರ ಹಾಗೆ ಕೂತರು.

"ಸಾಕಾಗಿದೆ ಅಂತ ಗೊತ್ತು ಕಣೇ," ಎಂದರು ಇವರು. "ನೀನು ಹೇಳ್ಲಿ ಅಂತಾನೇ ಕಾಯ್ತಿದ್ದೆ."

ಕೋಲನ್ನೇ ಸಮುದ್ರಕ್ಕೆ ಬಿಸಾಕಬೇಕು ಎನ್ನಿಸಿತು. ಬಿಸಾಕಲಿಲ್ಲ, ಬೀಸಿದೆ. ಕಣ್ಣಲ್ಲಿ ನೀರು ತುಂಬಿ ಎಲ್ಲಿಗೆ ಎಸೆಯುತ್ತಿದ್ದೇನೆ ಎಂದು ಕೂಡ ಕಾಣಿಸಲಿಲ್ಲ. ದಾರ ರೀಲಿನಿಂದ ಸುಯ್ಯೆಂದು ಹೋಯಿತು, ಹೋಗುತ್ತಲೇ ಇತ್ತು. ತಾರಸಿಯಲ್ಲಿ ಒಂದು ದಿನವೂ ಅಷ್ಟು ದೂರ ಹೋಗಿರಲಿಲ್ಲ.

"ಮೊಣಕೈ," ಎಂದರು ಅವರು ಹಿಂದಿನಿಂದ.

"ಸುಮ್ನಿರ್ರಿ," ಎಂದೆ.

ಮಧ್ಯಾಹ್ನದವರೆಗೆ ಎಸೆದೆ. ಮೀನು ಒಂದೂ ಕಚ್ಚಲಿಲ್ಲ. ಬೆವರಿಗೆ ಹಿಡಿಯ ಕುಂಕುಮ ಕರಗಿ ಅಂಗೈ ಕೆಂಪಾಗಿತ್ತು. ದೋಣಿ ದಡಕ್ಕೆ ತಿರುಗಿದಾಗ, ಆ ಕೈ ಬರುತ್ತದೆ ಎಂದು ಕಾಯುತ್ತಿದ್ದವಳು ನಮ್ಮ ಮನೆಯಲ್ಲಿ ನಾನೊಬ್ಬಳೇ ಎಂದು ಗೊತ್ತಾಗಿ, ಮುಖ ಮುಚ್ಚಿಕೊಂಡು ಅತ್ತೆ. ಅವರು ಎಡಗೈಯನ್ನು ನನ್ನ ಬೆನ್ನ ಮೇಲಿಟ್ಟರು.

ಆ ಸಂಜೆ ಸ್ನೇಹಿತರ ಮನೆಯ ಜಗಲಿಯಲ್ಲಿ ಅವರ ಹೆಂಡತಿ ಕಾಫಿ ತಂದುಕೊಟ್ಟರು. ಚೆಂಡು ನನ್ನ ಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ, ನಮ್ಮವರೂ ಕೇಳಲಿಲ್ಲ. ಲೋಟ ಖಾಲಿಯಾಗುವವರೆಗೆ ಇಬ್ಬರೂ ಕೂತು ಕಾಫಿ ಕುಡಿದೆವು.